ಅಂಗಳದ ಧ್ವನಿವರ್ಧಕ ಮತ್ತು ಹೊಳೆಯ ಎಚ್ಚರಿಕೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆಗೆ ಎರಡು ಇಳಿಜಾರುಗಳುಂಟು. ಪಶ್ಚಿಮಕ್ಕೆ ಇಳಿದ ನೀರು ಸ್ವಲ್ಪ ಹೊತ್ತಿನಲ್ಲೇ ಕಡಲು ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ಕೃಷ್ಣೆ, ಕೊಯ್ನೆ, ಪಂಚಗಂಗೆ, ದೂಧಗಂಗೆ, ವೇದಗಂಗೆಗಳಾಗಿ ಬಯಲಿಗೆ ಹರಿಯುತ್ತದೆ. ಆ ಬಯಲಿನ ಹೊಸ್ತಿಲಲ್ಲಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಮತ್ತು ಅಥಣಿ ತಾಲ್ಲೂಕುಗಳಿವೆ. ತಮ್ಮ ಊರಿನಲ್ಲಿ ಹನಿ ಮಳೆ ಇಲ್ಲದ ದಿನವೂ ಈ ತಾಲ್ಲೂಕುಗಳ ನದಿತೀರದ ಜನ ಮನೆ ಬಿಡಬೇಕಾದ ಪ್ರಸಂಗ ಬರುವುದುಂಟು. 2005, 2019 ಮತ್ತು 2021ರ ಪ್ರವಾಹಗಳು ಇದಕ್ಕೆ ಸಾಕ್ಷಿ. 2021ರ ಜುಲೈನಲ್ಲಿ ನಿಪ್ಪಾಣಿಯ ಸಮೀಪದ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಮುಚ್ಚಿತ್ತು. ಕಲ್ಲೋಳ–ಯಡೂರು ನಡುವಿನ ಕೆಳಮಟ್ಟದ ಸೇತುವೆ ಮಳೆಗಾಲದಲ್ಲಿ ಮತ್ತೆ ಮತ್ತೆ ನೀರಿನಡಿ ಹೋಗುತ್ತದೆ.

ಮಲೆನಾಡಿನ ಸಭೆಯೊಂದರಲ್ಲಿ ಈ ಬಯಲುಸೀಮೆಯ ತಾಲ್ಲೂಕುಗಳ ಮಾತನ್ನು ಎತ್ತಲು ಕಾರಣವಿದೆ. ಮೇಲೆ ಬಿದ್ದ ಮಳೆಯ ಸುದ್ದಿಯನ್ನು ಕೆಳಗಿನ ಮನೆಗೆ ಕಟ್ಟಕಡೆಗೆ ಮುಟ್ಟಿಸುವ ಸಾಧನ ಧ್ವನಿವರ್ಧಕ. ಹಿಂದೆ ಡಂಗುರವಿತ್ತು, ಈಗ ಜೀಪಿನ ಮೇಲಿನ ಅಥವಾ ದೇವಾಲಯ, ಮಸೀದಿ, ಪಂಚಾಯತಿ ಕಟ್ಟಡದ ಮೇಲಿನ ಭೋಂಗಾ ಇದೆ. ಮೊಬೈಲ್ ಸಂದೇಶಗಳು ಬಂದಿವೆಯಾದರೂ, ವಿದ್ಯುತ್ ಕಡಿದು ಫೋನು ಸತ್ತ ರಾತ್ರಿಯಲ್ಲಿ ಉಳಿಯುವುದು ಕೂಗು ಒಂದೇ. ಆ ಕೂಗು ಕಿವಿಗೆ ತಲುಪಬೇಕು, ತಲುಪಿದಾಗ ಜನ ಅದನ್ನು ನಂಬಬೇಕು. ಅಂಗಳ, ಮಾಳಿಗೆ, ಹೊಲಗಳಲ್ಲಿ ಧ್ವನಿವರ್ಧಕವನ್ನು ಹೇಗೆ ಕೂರಿಸಬೇಕು, ಹೇಗೆ ಕಾಪಾಡಬೇಕು ಎಂಬ ಸಣ್ಣ ವಿಷಯ ಈ ದೊಡ್ಡ ವಿಷಯಕ್ಕೆ ಅಂಟಿಕೊಂಡೇ ಇದೆ.

ಬದಲಾದ ಅಂಗಳ

ಒಂದು ತಲೆಮಾರಿನ ಹಿಂದೆ ಧ್ವನಿವರ್ಧಕವೆಂದರೆ ಮದುವೆಗೋ ಜಾತ್ರೆಗೋ ಬಾಡಿಗೆಗೆ ತರುವ ವಸ್ತುವಾಗಿತ್ತು. ಮರುದಿನ ಅದು ಅಂಗಡಿಗೆ ಹಿಂತಿರುಗುತ್ತಿತ್ತು. ಇಂದು ಆಂಪ್ಲಿಫೈಯರ್ ಅಗ್ಗವಾಗಿದೆ, ಹಾಡು ಮೊಬೈಲಿನೊಳಗೇ ಇದೆ. ಬೆಳಗಿನ ಭಕ್ತಿಗೀತೆಗೆಂದು ಮಾಳಿಗೆಯ ಮೇಲೆ, ಬಾಗಿಲಲ್ಲಿ ಬಂದವರೊಡನೆ ಮಾತಾಡಲೆಂದು ಗೇಟಿನ ಬಳಿ, ಹಕ್ಕಿ ಓಡಿಸಲೆಂದು ಹೊಲದ ಬದುವಿನಲ್ಲಿ, ಬೇಸರ ಕಳೆಯಲೆಂದು ಕಬ್ಬು ಸಾಗಿಸುವ ಟ್ರ್ಯಾಕ್ಟರಿನಲ್ಲಿ ಅದು ಶಾಶ್ವತವಾಗಿ ನೆಲೆಯೂರಿದೆ. ಇದರಲ್ಲಿ ಯಾವುದೂ ಅಪರಾಧವಲ್ಲ. ಮನೆಯವರು ಅಂಗಳದಲ್ಲಿ ಕುಳಿತು ಹಾಡು ಕೇಳುವುದು ಒಳ್ಳೆಯ ಸಂಗತಿಯೇ. ಆದರೆ ಊರಿಗೆ ಕೇಳಿಸಲೆಂದು ತಯಾರಾದ ಭೋಂಗಾವನ್ನು ಒಂದು ಅಂಗಳಕ್ಕೆ ಬಳಸುವುದು, ಗಿಡಕ್ಕೆ ನೀರುಣಿಸಲು ಕಾಲುವೆಯನ್ನು ಒಡೆದಂತೆ.

ಧ್ವನಿಯ ಲೆಕ್ಕ

ಧ್ವನಿಯ ಅಳತೆ ಡೆಸಿಬೆಲ್. ವಿದ್ಯಾರ್ಥಿಗಳು ಮೂರು ನಿಯಮಗಳನ್ನು ನೆನಪಿಡಬೇಕು. ಬಯಲಿನಲ್ಲಿ ದೂರ ಎರಡರಷ್ಟಾದಾಗ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಹತ್ತು ಪಟ್ಟಾದಾಗ 20 ಇಳಿಯುತ್ತದೆ. ಆಂಪ್ಲಿಫೈಯರಿನ ಶಕ್ತಿಯನ್ನು ಎರಡರಷ್ಟು ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ 'ಎರಡರಷ್ಟು ಜೋರು' ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವಿದ್ಯುತ್ ಬೇಕು.

ಈಗ ಎರಡು ಸಲಕರಣೆಗಳನ್ನು ಹೋಲಿಸಬಹುದು. ಸಾಮಾನ್ಯ ಪೆಟ್ಟಿಗೆ ಸ್ಪೀಕರಿಗೆ 1 ವ್ಯಾಟ್ ಶಕ್ತಿ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 88 ಡೆಸಿಬೆಲ್ ಧ್ವನಿ ಬರುತ್ತದೆ. 4 ಮೀಟರ್ ದೂರದ ಕಟ್ಟೆಯ ಮೇಲೆ ಕುಳಿತವರಿಗೆ ಅದು 76 ಆಗಿರುತ್ತದೆ. ಎದುರುಬದುರು ಕುಳಿತವರ ಮಾತು ಸುಮಾರು 60 ಡೆಸಿಬೆಲ್ ಇರುವುದರಿಂದ, ಅಂಗಳದ ಹಾಡಿಗೆ ಒಂದು ವ್ಯಾಟ್‌ನ ಹತ್ತನೆಯ ಒಂದು ಭಾಗವೇ ಸಾಕಾದೀತು. ಭೋಂಗಾದ ಲೆಕ್ಕ ಬೇರೆ. ಅದರ ಕಹಳೆಯಾಕಾರ ಧ್ವನಿಯನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವುದರಿಂದ 1 ವ್ಯಾಟ್‌ಗೆ ಸುಮಾರು 105 ಡೆಸಿಬೆಲ್ ಬರುತ್ತದೆ. 30 ವ್ಯಾಟ್ ಕೊಟ್ಟಾಗ ಅದು ಸುಮಾರು 120ಕ್ಕೆ ಏರುತ್ತದೆ. 10 ಮೀಟರ್ ದೂರದ ನೆರೆಮನೆಯಲ್ಲಿ 100, 100 ಮೀಟರ್ ದೂರದ ಶಾಲೆಯಲ್ಲಿ 80, ಮರ–ಗೋಡೆ–ಗಾಳಿ ಅಡ್ಡಿಪಡಿಸದಿದ್ದರೆ ಒಂದು ಕಿಲೋಮೀಟರ್ ಆಚೆಯೂ 60. ಈ ಗುಣವೇ ಭೋಂಗಾವನ್ನು ಪ್ರವಾಹದ ಎಚ್ಚರಿಕೆಗೆ ಯೋಗ್ಯವಾಗಿಸಿದೆ, ಮತ್ತು ದಿನನಿತ್ಯದ ಹಾಡಿಗೆ ಅಯೋಗ್ಯವಾಗಿಸಿದೆ.

ಹವೆಯ ಪಾತ್ರವೂ ಇದೆ. ಚಳಿಗಾಲದ ರಾತ್ರಿ ಮತ್ತು ನಸುಕಿನಲ್ಲಿ ನೆಲದ ಬಳಿಯ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಮೇಲೇರಬೇಕಾದ ಧ್ವನಿ ಬಾಗಿ ನೆಲಕ್ಕೇ ಮರಳುತ್ತದೆ. ಹೊಳೆಯ ಆಚೆಯ ಊರಿನ ಭಜನೆ ಹಗಲಿನಲ್ಲಿ ಕೇಳಿಸದೆ ನಸುಕಿನಲ್ಲಿ ಸ್ಪಷ್ಟವಾಗಿ ಕೇಳಿಸುವುದು ಇದರಿಂದ. ಹಗಲಿನಲ್ಲಿ ಹೊಂದಿಸಿದ ಗುಂಡಿಯನ್ನು ನಸುಕಿನಲ್ಲೂ ಹಾಗೆಯೇ ಬಿಟ್ಟವರು ತಮಗೆ ಅರಿವಿಲ್ಲದೆಯೇ ಊರನ್ನು ಎಬ್ಬಿಸುತ್ತಾರೆ. ಗುಡ್ಡದ ಊರುಗಳಲ್ಲಿ ಇದಕ್ಕೆ ಕಣಿವೆಯ ಪ್ರತಿಧ್ವನಿಯೂ ಸೇರಿಕೊಳ್ಳುತ್ತದೆ.

ಕೂರಿಸುವ ಕ್ರಮ

ಸ್ಪೀಕರನ್ನು ಮಾಳಿಗೆಯ ಮೇಲೆ ಹೊರಮುಖವಾಗಿ ಕಟ್ಟುವುದು ಎಲ್ಲೆಡೆ ಕಾಣುವ ತಪ್ಪು. ಅಲ್ಲಿಂದ ಧ್ವನಿ ಮನೆಯವರ ತಲೆಯ ಮೇಲಿನಿಂದ ಹಾರಿ ನೆರೆಯವರಿಗೆ ತಲುಪುತ್ತದೆ. ಮನೆಯವರಿಗೆ ಕೇಳಿಸದಿದ್ದಾಗ ಗುಂಡಿ ಇನ್ನಷ್ಟು ತಿರುಗುತ್ತದೆ. ಸರಿಯಾದ ಕ್ರಮ ಇದರ ತಿರುವುಮುರುವು. ಅಂಗಳದ ಅಂಚಿನಲ್ಲಿ, ಎರಡರಿಂದ ಎರಡೂವರೆ ಮೀಟರ್ ಎತ್ತರದಲ್ಲಿ, ಮನೆಯ ಗೋಡೆಯತ್ತ ಮುಖ ಮಾಡಿ, ತುಸು ಕೆಳಕ್ಕೆ ಬಾಗಿಸಿ ಕೂರಿಸಬೇಕು. ಬಾಗಿದ ಮುಖದೊಳಗೆ ಮಳೆನೀರೂ ನಿಲ್ಲದು. ಅಂಗಳ ದೊಡ್ಡದಿದ್ದರೆ ಒಂದು ಸ್ಪೀಕರನ್ನು ಜೋರಾಗಿಡುವ ಬದಲು ಎರಡನ್ನು ಹತ್ತಿರ ಹತ್ತಿರ ಮೆಲ್ಲಗಿಡುವುದು ಮೇಲು. ಗೋಡೆ, ಬೇಲಿ, ಗಿಡಗಳು ಎತ್ತರದ ಸ್ವರವನ್ನು ಒಂದಿಷ್ಟು ತಡೆದಾವು; ಢಂ ಢಂ ಎನ್ನುವ ತಗ್ಗಿನ ಸ್ವರ ಅವುಗಳನ್ನು ದಾಟಿ ಹೋಗುತ್ತದೆ. ಆದುದರಿಂದ ಬಯಲಿನಲ್ಲಿ ಬಾಸ್ ಪೆಟ್ಟಿಗೆಯನ್ನು ಇಡದಿರುವುದೇ ಲೇಸು.

ಹೊರಗಿಡುವ ಸಲಕರಣೆಯ ಮೇಲೆ 'ಐಪಿ' ಎಂಬ ಗುರುತಿನೊಡನೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳನ್ನು, ಎರಡನೆಯದು ನೀರನ್ನು ತಡೆಯುವ ಮಟ್ಟವನ್ನು ಸೂಚಿಸುತ್ತದೆ. ಐಪಿ 65 ಎಂದರೆ ಧೂಳು ಒಳನುಗ್ಗದು, ಎರಚಿದ ನೀರಿಗೂ ಕೆಡದು. ಸುರಿಮಳೆಯ ನಿಪ್ಪಾಣಿ ಭಾಗದಲ್ಲಿ ಎರಡನೆಯ ಅಂಕಿಯೂ, ಒಣಹವೆಯ ಅಥಣಿ ಭಾಗದಲ್ಲಿ ಮೊದಲನೆಯದೂ ಹೆಚ್ಚು ಮುಖ್ಯ. ಆಂಪ್ಲಿಫೈಯರ್ ಮಾತ್ರ ಎಂದಿಗೂ ಮನೆಯೊಳಗೇ ಇರಬೇಕು. ಹೊಳೆದಂಡೆಯ ಮನೆಗಳಲ್ಲಿ 2019ರ ನೀರು ಗೋಡೆಯ ಮೇಲೆ ಮೂಡಿಸಿದ ಗೆರೆಗಿಂತ ಎತ್ತರದಲ್ಲಿಡುವುದು ವಿವೇಕ.

ತಂತಿಯ ಆಯ್ಕೆಯಲ್ಲಿ ಅನೇಕರು ಎಡವುತ್ತಾರೆ. ತೆಳ್ಳನೆಯ ತಂತಿ ಸ್ಪೀಕರಿಗೆ ಹೋಗಬೇಕಾದ ಶಕ್ತಿಯನ್ನು ತಾನೇ ನುಂಗುತ್ತದೆ. ಸ್ಪೀಕರ್ 20 ಮೀಟರ್ ದೂರವಿದ್ದರೆ ಹೋಗಿಬರುವ ತಂತಿಯ ಉದ್ದ 40 ಮೀಟರ್. 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಇದು ಸುಮಾರು 0.7 ಓಮ್ ತಡೆ. 8 ಓಮ್ ಸ್ಪೀಕರಿಗೆ ನೂರಕ್ಕೆ ಒಂಬತ್ತರಷ್ಟು. 2.5 ಚದರ ಮಿಲಿಮೀಟರ್ ತಂತಿಯಲ್ಲಾದರೆ 0.3 ಓಮ್‌ಗಿಂತ ಕಡಿಮೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗವಾದರೂ ತಡೆ ಹೆಚ್ಚು, ಬಾಳಿಕೆ ಕಡಿಮೆ. 8 ಓಮ್‌ನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್ ಆಗುತ್ತದೆ; ಅಷ್ಟು ಕಡಿಮೆ ತಡೆಗೆ ತಯಾರಾಗದ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ.

ತಂತಿ ಗೋಡೆಯೊಳಗೆ ಹೋಗುವ ಮುನ್ನ ಅದನ್ನು ಕೆಳಕ್ಕೆ ಒಂದು ಕುಣಿಕೆಯಂತೆ ಇಳಿಬಿಡಬೇಕು. ನೀರು ಅಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ. ಸ್ಪೀಕರನ್ನಾಗಲಿ ತಂತಿಯನ್ನಾಗಲಿ ವಿದ್ಯುತ್ ಕಂಬಕ್ಕೆ ಕಟ್ಟುವುದು ಪ್ರಾಣಕ್ಕೆ ಎರವು. ಭೋಂಗಾದ ಕಬ್ಬಿಣದ ಕೊಳವೆ ಜಾರಿ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ ಸರಿಯಾದ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ, ಒದ್ದೆ ಕೈಯ ಒಂದು ತಪ್ಪು ಸಾವಿನಲ್ಲಿ ಕೊನೆಗೊಳ್ಳುವ ಅಪಾಯ ಬಹಳಷ್ಟು ತಗ್ಗುತ್ತದೆ.

ಋತುಮಾನದ ಆರೈಕೆ

ರೈತನ ಪಂಚಾಂಗದಂತೆ ಧ್ವನಿವರ್ಧಕಕ್ಕೂ ಒಂದು ಪಂಚಾಂಗವಿದೆ. ಕಬ್ಬು ಕಟಾವಿನ ಕಾಲದಲ್ಲಿ ಹೊಲದ ರವದಿ ಸುಟ್ಟ ಕರಿ, ಕಾರ್ಖಾನೆಯ ಚಿಮಣಿಯ ಬೂದಿ, ದಾರಿಯ ಧೂಳು ಸೇರಿ ಸ್ಪೀಕರಿನ ಜಾಲರಿಯನ್ನು ಮುಚ್ಚುತ್ತವೆ. ಒಣ ಕುಂಚದಿಂದ ಅದನ್ನು ತೆಗೆಯಬೇಕು. ನೀರು ಹಾಕಿದರೆ ಬೂದಿ ಕೆಸರಾಗಿ ಒಳಗಿಳಿಯುತ್ತದೆ. ಬೇಸಿಗೆಯಲ್ಲಿ ಬಿಸಿಲು ತಂತಿಯ ಹೊದಿಕೆಯನ್ನು ಬಿರಿಸುತ್ತದೆ. ಭೋಂಗಾದ ಬಾಯಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜಗಳು, ಜೇಡಗಳು ಸೇರಿಕೊಳ್ಳುತ್ತವೆ. ಎಷ್ಟೋ ಸಲ 'ಕೆಟ್ಟುಹೋಯಿತು' ಎಂದು ಬಿಸುಟ ಭೋಂಗಾದಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ. ಗಂಟಲಲ್ಲಿ ಒಂದು ಗೂಡು ಇರುತ್ತದೆ, ಅಷ್ಟೇ.

ಮೇ ತಿಂಗಳ ಅಡ್ಡಮಳೆಗೆ ಮೊದಲು ಸ್ಕ್ರೂಗಳನ್ನು ಬಿಗಿಮಾಡಿ, ತುಕ್ಕು ಹಿಡಿದವನ್ನು ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸಿ, ಜೋಡಣೆಗಳನ್ನು ಬಿಚ್ಚಿ ಒರೆಸಿ ಮತ್ತೆ ಕಟ್ಟಬೇಕು. ಗುಡುಗು ಕೇಳಿಸಿದೊಡನೆ ಆಂಪ್ಲಿಫೈಯರಿನ ಪ್ಲಗ್ಗನ್ನೂ ಹೊರಗಿನಿಂದ ಬರುವ ಸ್ಪೀಕರ್ ತಂತಿಯನ್ನೂ ಕಳಚಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ನೆರೆಯಲ್ಲಿ ಮುಳುಗಿದ ಸಲಕರಣೆಯನ್ನು 'ನೋಡೋಣ' ಎಂದು ಚಾಲೂ ಮಾಡಲಾಗದು. ಬಿಚ್ಚಿ ಪೂರ್ಣ ಒಣಗಿಸಿ, ತಿಳಿದವರಿಗೆ ತೋರಿಸಿದ ಬಳಿಕವೇ ವಿದ್ಯುತ್ ಕೊಡಬೇಕು. ಧ್ವನಿ ಒಡೆದು ಕರಕರ ಎನ್ನತೊಡಗಿದರೆ ಗುಂಡಿಯನ್ನು ತಗ್ಗಿಸುವುದು ಮೊದಲ ಚಿಕಿತ್ಸೆ. ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿದಾಗ ಒಡೆದ ಸ್ವರವೇ ಸ್ಪೀಕರಿನ ಸುರುಳಿಯನ್ನು ಸುಡುತ್ತದೆ. ಮೆಲ್ಲಗೆ ನುಡಿಸುವ ಸ್ಪೀಕರ್ ಹೆಚ್ಚು ವರ್ಷ ಬಾಳುತ್ತದೆ.

ಹೊಲದ ಧ್ವನಿವರ್ಧಕ

ಜೋಳ ಹಾಲುಗಾಳಿಗೆ ಬಂದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುವುದು ಈ ಸೀಮೆಯ ಹಳೆಯ ರೂಢಿ. ಆಳು ಸಿಗದ ಕಾಲದಲ್ಲಿ ಆ ಕೆಲಸವನ್ನು ಮುದ್ರಿತ ಕೂಗಿಗೆ ವಹಿಸಲಾಗಿದೆ. ಜೋಳ, ದ್ರಾಕ್ಷಿ, ಮೆಕ್ಕೆಜೋಳದ ಹೊಲಗಳಲ್ಲಿ ನಾಯಿ ಬೊಗಳಿಕೆ, ಪಟಾಕಿ ಸದ್ದು, ಮನುಷ್ಯರ ಬೊಬ್ಬೆ ಇಡೀ ರಾತ್ರಿ ಮೊಳಗುತ್ತವೆ. ಆದರೆ ಒಂದೇ ಕಡೆಯಿಂದ ಒಂದೇ ಸದ್ದು ಬರುತ್ತಿದ್ದು ಅಪಾಯವೇನೂ ಒದಗದಿದ್ದರೆ, ಹಕ್ಕಿ–ಹಂದಿಗಳು ಕೆಲವು ದಿನ ಅಥವಾ ವಾರಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತವೆ. ಸದ್ದಿನ ಬೆಲೆ ಅದರ ಅನಿರೀಕ್ಷಿತತೆಯಲ್ಲಿದೆ. ಕಾಳು ಕಟ್ಟುವ ದಿನಗಳಲ್ಲಿ ಮಾತ್ರ, ಹಕ್ಕಿ ಇಳಿಯುವ ಬೆಳಿಗ್ಗೆ–ಸಂಜೆಯ ಹೊತ್ತಿನಲ್ಲಿ ಮಾತ್ರ, ಬಿಟ್ಟು ಬಿಟ್ಟು, ಜಾಗವನ್ನೂ ಸದ್ದನ್ನೂ ಬದಲಿಸುತ್ತ, ನಡುನಡುವೆ ಮನುಷ್ಯನೂ ಹೊಲಕ್ಕಿಳಿದು ಕಾಣಿಸಿಕೊಂಡರೆ ಅದು ಫಲ ಕೊಡುತ್ತದೆ. ಕಟಾವಾದ ದಿನವೇ ಸ್ಪೀಕರ್ ಮನೆಗೆ ಬರಬೇಕು.

ಇರುಳಿಡೀ ಮೊಳಗುವ ಸದ್ದಿಗೆ ರೈತ ತೆರುವ ಇನ್ನೊಂದು ಬೆಲೆಯಿದೆ. ಇಲಿಗಳನ್ನು ಹಿಡಿಯುವ ಕಣಜ ಗೂಬೆ ಕಗ್ಗತ್ತಲಲ್ಲಿ ಬೇಟೆಯಾಡುವುದು ಕಿವಿಯ ಬಲದಿಂದ. ರವದಿಯಡಿ ಇಲಿ ಸರಿದ ಸಪ್ಪಳವೇ ಅದಕ್ಕೆ ದಾರಿ. ಸುತ್ತಲಿನ ಗದ್ದಲ ಹೆಚ್ಚಿದಂತೆ ಗೂಬೆಗಳು ಬೇಟೆಯನ್ನು ಗುರುತಿಸುವುದು ಕಡಿಮೆಯಾಗುತ್ತದೆಂದು ಸಂಶೋಧನೆಗಳು ತೋರಿಸಿವೆ. ಹಂದಿಯನ್ನು ಓಡಿಸಲು ಇಟ್ಟ ಸದ್ದಿಗೆ ಹಂದಿ ಒಗ್ಗಿಕೊಂಡು, ಇಲಿ ಹಿಡಿಯುವ ಗೂಬೆಗೆ ಬೇಟೆ ದಕ್ಕದೆ ಹೋದರೆ, ನಷ್ಟ ಯಾರದು ಎಂದು ಬಿಡಿಸಿ ಹೇಳಬೇಕಿಲ್ಲ.

ಕಾನೂನಿನ ಗೆರೆ

2000ನೇ ಇಸವಿಯಲ್ಲಿ ಜಾರಿಗೆ ಬಂದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಘೋಷಿಸಲಾದ ನಿಶ್ಶಬ್ದ ವಲಯದಲ್ಲಿ ಈ ಮಿತಿ 50 ಮತ್ತು 40. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಧ್ವನಿವರ್ಧಕದ ಬಳಕೆಗೆ ಅಧಿಕಾರಿಯ ಲಿಖಿತ ಅನುಮತಿ ಅಗತ್ಯ. ಖಾಸಗಿ ಧ್ವನಿ ಸಲಕರಣೆಯ ಸದ್ದು ಆ ಸ್ಥಳದ ಎಲ್ಲೆಯಲ್ಲಿ ಮೇಲಿನ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಅಂದರೆ ಊರಿನ ಮನೆಯೊಂದರ ಬೇಲಿಯ ಬಳಿ ಹಗಲಿನಲ್ಲಿ 60, ರಾತ್ರಿಯಲ್ಲಿ 50. ಮೊಬೈಲಿನ ಅಳತೆಯ ಆ್ಯಪ್‌ಗಳು ನಿಖರವಲ್ಲವಾದರೂ ಬೇಲಿಯ ಬಳಿ ನಿಂತು ಒಂದು ಅಂದಾಜು ಪಡೆಯಲು ಸಾಕು.

ಈ ಗೆರೆಯ ಹಿಂದೆ ಒಂದು ಕರುಣಾಜನಕ ಸಂಗತಿಯಿದೆ. 1998ರ ಜನವರಿಯಲ್ಲಿ ವರದಿಯಾದ ಪ್ರಕರಣವೊಂದರಲ್ಲಿ ಅತ್ಯಾಚಾರಕ್ಕೆ ಗುರಿಯಾದ 13 ವರ್ಷದ ಬಾಲಕಿಯ ಮೊರೆ, ನೆರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಅಂದೇ ಸಂಜೆ ಆಕೆ ಬೆಂಕಿ ಹಚ್ಚಿಕೊಂಡು ಪ್ರಾಣಬಿಟ್ಟಳು. ಆ ಘಟನೆಯನ್ನು ಮುಂದಿಟ್ಟು ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರಂದು ತೀರ್ಪಿತ್ತಿತು. ಸದ್ದು ಎಂದರೆ ಬರಿಯ ಕಿರಿಕಿರಿ ಎಂದು ತಿಳಿದವರು ಈ ಸಂಗತಿಯನ್ನು ಮರೆಯಬಾರದು. ಒಬ್ಬರ ಸದ್ದು ಇನ್ನೊಬ್ಬರ ಮೊರೆಯನ್ನು ಅಳಿಸಿಹಾಕಬಲ್ಲುದು.

ಅದೇ ನಿಯಮಗಳು ರಾತ್ರಿಯ ನಿಷೇಧದಿಂದ ಒಂದು ಸಂದರ್ಭವನ್ನು ಹೊರಗಿಟ್ಟಿವೆ: ಸಾರ್ವಜನಿಕ ತುರ್ತು ಪರಿಸ್ಥಿತಿ. ಹೊಳೆ ಏರುವ ಇರುಳಿನಲ್ಲಿ ಕೂಗಿ ಎಬ್ಬಿಸಲು ಕಾನೂನು ಅಡ್ಡಬರುವುದಿಲ್ಲ.

ಕೂಗಿಗೆ ಬೆಲೆ ಉಳಿಸುವುದು

ಅಪರೂಪದ, ಚಿಕ್ಕದಾದ, ಅರ್ಥ ನಿಶ್ಚಿತವಾದ ಸದ್ದಿಗೆ ಎಷ್ಟು ಬಲವಿದೆಯೆಂಬುದಕ್ಕೆ ಈ ಸೀಮೆಯ ಸುತ್ತಲೇ ನಿದರ್ಶನವಿದೆ. ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಲ್ಲಿ ಸಂಜೆ 7ಕ್ಕೆ ದೇವಾಲಯದಿಂದ ಸೈರನ್ ಮೊಳಗಿಸಿ, ಒಂದೂವರೆ ಗಂಟೆ ಟಿವಿ–ಮೊಬೈಲುಗಳನ್ನು ಆರಿಸಿಡುವ ಪದ್ಧತಿ ಆರಂಭವಾಯಿತು. ಬಳಿಕ ಬೆಳಗಾವಿ ತಾಲ್ಲೂಕಿನ ಹಲಗಾ ಗ್ರಾಮವೂ ಇಂಥದೇ ಪ್ರಯೋಗಕ್ಕೆ ಕೈಹಾಕಿತು. ಒಂದು ಸೈರನ್ನಿನ ಕೂಗಿಗೆ ಊರು ಓಗೊಡುವುದು ಆ ಕೂಗು ದಿನಕ್ಕೆ ಒಂದೆರಡು ಸಲ ಮಾತ್ರ ಕೇಳಿಸುವುದರಿಂದ. ಬೆಳಗಿನಿಂದ ಇರುಳಿನವರೆಗೆ ಭೋಂಗಾ ಮೊಳಗುವ ಊರಿನಲ್ಲಿ ಅದೇ ಭೋಂಗಾದಿಂದ 'ನೀರು ಬರುತ್ತಿದೆ' ಎಂಬ ಮಾತು ಹೊರಟರೆ, ಹೊಲದ ಹಂದಿಯಂತೆ ಊರಿನ ಕಿವಿಯೂ ಅದಕ್ಕೆ ಒಗ್ಗಿಹೋಗಿರುತ್ತದೆ.

ಇನ್ನೊಂದು ತೊಡಕು ಈ ತಾಲ್ಲೂಕುಗಳ ವಸತಿ ಕ್ರಮದ್ದು. ಇಲ್ಲಿ ಬಹಳಷ್ಟು ಕುಟುಂಬಗಳು ಊರೊಳಗಲ್ಲದೆ ತೋಟದ ಮನೆಗಳಲ್ಲಿ, ಎತ್ತರದ ಕಬ್ಬಿನ ನಡುವೆ ಚದುರಿ ವಾಸಿಸುತ್ತವೆ. ಊರ ನಡುವಿನ ಭೋಂಗಾ ಅಲ್ಲಿಗೆ ತಲುಪದು. ತಲುಪಿದರೂ ತಗಡಿನ ಛಾವಣಿಯ ಮೇಲಿನ ಮಳೆಯ ಸದ್ದಿನಲ್ಲಿ ಮುಳುಗುತ್ತದೆ. ಮುಂಗಾರಿನ ಪಶ್ಚಿಮದ ಗಾಳಿಗೆ ಎದುರಾಗಿ ಧ್ವನಿ ಹೆಚ್ಚು ದೂರ ಸಾಗದು. ಮನೆಯ ಧ್ವನಿವರ್ಧಕ ಊರಿನ ಆಸ್ತಿಯಾಗಬಲ್ಲುದು ಇಲ್ಲಿಯೇ. ಪ್ರತಿ ತೋಟಪಟ್ಟಿಯಲ್ಲಿ ಎತ್ತರದ ನೆಲದ ಮೇಲಿರುವ ಒಂದು ಮನೆಯನ್ನು ಗ್ರಾಮ ಪಂಚಾಯತಿ ಗೊತ್ತುಪಡಿಸಿ, ಅಲ್ಲಿ ಬ್ಯಾಟರಿಯಿಂದ ನಡೆಯುವ ಒಂದು ಭೋಂಗಾ ಇರಿಸಬಹುದು. 12 ವೋಲ್ಟ್, 7 ಆಂಪಿಯರ್–ಗಂಟೆಯ ಚಿಕ್ಕ ಬ್ಯಾಟರಿ 30 ವ್ಯಾಟ್‌ನ ಆಂಪ್ಲಿಫೈಯರನ್ನು ಸುಮಾರು ಎರಡು ಗಂಟೆ ನಡೆಸಬಲ್ಲುದು. ಎರಡೆರಡು ನಿಮಿಷದ ಎಚ್ಚರಿಕೆಗಳಿಗೆ ಅದು ಇಡೀ ರಾತ್ರಿಗೆ ಸಾಕು. ಹಾಡಿಗೆ ಅದನ್ನು ಮುಟ್ಟದಿರುವುದು, ತಿಂಗಳಿಗೊಮ್ಮೆ ಚಾರ್ಜ್ ಮಾಡುವುದು, ಎಚ್ಚರಿಕೆಯ ಮಾತನ್ನು ಕನ್ನಡ–ಮರಾಠಿ ಎರಡರಲ್ಲೂ ಮೊದಲೇ ಬರೆದಿಡುವುದು, ಇಷ್ಟೇ ಷರತ್ತು.

ಈ ಕಾರ್ಯದಲ್ಲಿ ವಿದ್ಯಾರ್ಥಿಗಳಿಗೆ ದೊಡ್ಡ ಪಾತ್ರವಿದೆ. ಮೇ ತಿಂಗಳ ಒಂದು ಸಂಜೆ ಒಬ್ಬರು ಭೋಂಗಾದ ಬಳಿ ನಿಂತು ಒಂದು ನಿಮಿಷ ಓದಲಿ. ಉಳಿದವರು ತೋಟದ ಮನೆಗಳಿಗೆ ಹರಡಿ, ಮಾತು ಎಲ್ಲಿ ಸ್ಪಷ್ಟ, ಎಲ್ಲಿ ಬರಿಯ ಸದ್ದು, ಎಲ್ಲಿ ಏನೂ ಇಲ್ಲ ಎಂದು ಊರಿನ ನಕ್ಷೆಯ ಮೇಲೆ ಗುರುತು ಹಾಕಲಿ. ಕೇಳಿಸದ ಮನೆಗಳ ಪಟ್ಟಿಯೇ ಆ ಊರಿನ ಮಳೆಗಾಲದ ಮೊದಲ ಕೆಲಸದ ಪಟ್ಟಿ. ಮಲೆನಾಡಿನ ಊರುಗಳಿಗೂ ಇದು ಅನ್ವಯಿಸುತ್ತದೆ. ಗುಡ್ಡ ಕುಸಿಯುವ ರಾತ್ರಿಯಲ್ಲಿ ಕಣಿವೆಯ ಆಚೆಯ ಒಂಟಿ ಮನೆಗೆ ಯಾರ ಕೂಗು ತಲುಪುತ್ತದೆ ಎಂಬುದು ಅಲ್ಲಿಯೂ ಪರೀಕ್ಷಿಸಿ ನೋಡಬೇಕಾದ ಸಂಗತಿಯೇ.

ಉಳಿದ ದಿನಗಳಲ್ಲಿ ಅಂಗಳದ ಹಾಡು ಅಂಗಳದಲ್ಲೇ ಇರಲಿ. ಪರೀಕ್ಷೆಗೆ ಓದುವ ನೆರೆಮನೆಯ ಮಗುವಿಗೂ, ನಿದ್ದೆ ಹತ್ತದ ಮುದುಕರಿಗೂ, ಹೊಲದ ಗೂಬೆಗೂ ಅದರಿಂದ ಉಪಕಾರ. ಹೊಳೆ ಏರಿದ ರಾತ್ರಿ ಭೋಂಗಾ ನುಡಿದಾಗ, ಮಲಗಿದ ಊರು ತಡಮಾಡದೆ ಎದ್ದು ದನಗಳ ಹಗ್ಗ ಬಿಚ್ಚಲು ಅಷ್ಟು ಮೌನ ಬೇಕು.